ತಮ್ಮನನ್ನು ಕರೆಯುವ ಪ್ರೋಗ್ರಾಂ

“ಇಪ್ಪತ್ಮೂರು ಡಿಗ್ರಿಗೆ ಯಾವ ಮಷೀನು ಸಾಯುತ್ತೆ ಅಕ್ಕಾ? ನನ್ನ ತಲೆ ಮೇಲೆ ಮೆಣಸು ಅರೀತಿದೀಯಾ?”

ತಮ್ಮ ಟೂಲ್ ಬ್ಯಾಗನ್ನು ನೆಲಕ್ಕೆ ಕುಕ್ಕಿ, ಮೊಬೈಲನ್ನು ಅಕ್ಕನ ಮೂಗಿನ ಮುಂದೆ ಹಿಡಿದ.

“ಕಿರುಚಬೇಡ. ಎಸಿ ರಿಪೇರಿಯವನು ನೀನು. ಕರೆದ್ರೆ ಬರಬೇಕು.”

“ಇವತ್ತು ರಜೆ ಹಾಕಿದ್ದೆ ಕಣೇ! ಮಗೂಗೆ ಜ್ವರ. ಡಾಕ್ಟರ್ ಹತ್ರ ಹೆಂಡ್ತಿ, ಮಗು ಇಬ್ಬರನ್ನೇ ಬಿಟ್ಟು, ಇಲ್ಲಿ ಬೆಂಕಿ ಬಿತ್ತೇನೋ ಅಂತ ಓಡಿ ಬಂದೆ. ಮೆಸೇಜಲ್ಲಿ ಇಪ್ಪತ್ಮೂರು ಅಂತ ಇರೋದನ್ನ ನೋಡಿದ್ದೇ ಬಾಗಿಲ ಹತ್ರ.”

ಅಕ್ಕನದು ಸರ್ವರ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ. ಕಿಟಕಿಯಿಲ್ಲದ ಕೋಣೆ, ದಿನವಿಡೀ ಫ್ಯಾನುಗಳ ಗುಂಯ್ ಸದ್ದು, ಒಂದೇ ಕುರ್ಚಿ. ಕೋಣೆ ಬಿಸಿಯಾದರೆ ನಿಗಾ ಇಡುವ ತಂತ್ರಾಂಶ ಒಂದು ಇಮೇಲ್ ಕಳಿಸಿ ಕೈತೊಳೆದುಕೊಳ್ಳುತ್ತಿತ್ತು. ಅದನ್ನು ಯಾವ ಪುಣ್ಯಾತ್ಮನೂ ಓದುತ್ತಿರಲಿಲ್ಲ. ಆದರೆ ಇಮೇಲಿನ ಬದಲು ತಾವೇ ಬರೆದ ಪ್ರೋಗ್ರಾಂ ಓಡಿಸಲೂ ಅದರಲ್ಲಿ ಅವಕಾಶವಿತ್ತು. ಅಕ್ಕ ಒಂದು ಬರೆದಳು. ಅದು ನೇರವಾಗಿ ತಮ್ಮನ ಮೊಬೈಲಿಗೆ ‘ಕೋಣೆ ಬಿಸಿಯಾಗಿದೆ, ಬೇಗ ಬಾ’ ಎಂದು ಸಂದೇಶ ಕಳಿಸುತ್ತಿತ್ತು.

ಅವನು ಬರುತ್ತಿದ್ದ. ಎಸಿ ನೋಡಿ, ಖಾಲಿ ಪೆಟ್ಟಿಗೆಯ ಮೇಲೆ ಕುಕ್ಕರಿಸಿ, ಅವಳ ಡಬ್ಬಿಯ ಅರ್ಧ ಊಟ ಮುಗಿಸಿ, ಮಗುವಿಗೆ ಹಲ್ಲು ಬಂದದ್ದನ್ನು ಹೇಳುತ್ತಿದ್ದ. ಮದುವೆಯಾದ ಮೇಲೆ ಅವನು ಅಕ್ಕನ ಮುಖ ನೋಡುತ್ತಿದ್ದದ್ದು ಆಗ ಮಾತ್ರ. ಸಂದೇಶ ಹೋಗುವ ಬಿಸಿಯ ಮಿತಿಯನ್ನು ಅವಳು ಒಂದೊಂದೇ ಡಿಗ್ರಿ ಇಳಿಸುತ್ತ ಬಂದಳು.

ಅವಳ ಕೆಲಸವೋ ಅಚ್ಚುಕಟ್ಟು. ಬಿಸಿ ಎಷ್ಟೆಂದು ತಿಳಿಸದ ಎಚ್ಚರಿಕೆ ಎಂಥ ಎಚ್ಚರಿಕೆ ಎಂದು ಮನಸ್ಸು ಕೊರೆಯುತ್ತಿತ್ತು. ತಂತ್ರಾಂಶ ಕೊಡುವ ಅಂಕಿಯನ್ನೂ ಸಂದೇಶಕ್ಕೆ ಸೇರಿಸಿಬಿಟ್ಟಳು. ಅಂಕಿ ಹೊತ್ತ ಮೊದಲ ಸಂದೇಶವೇ ಈಗ ಅವಳ ಮೂಗಿನ ಮುಂದಿತ್ತು.

“ಮಿತಿ ಎಷ್ಟಿಟ್ಟಿದೀಯ, ತೋರಿಸು.”

“ಕೀಬೋರ್ಡ್ ಮುಟ್ಟಿದ್ರೆ ಕೈ ಮುರೀತೀನಿ.”

“ಫೋನ್ ಮಾಡಿ ‘ಬಾರೋ’ ಅನ್ನೋಕೆ ನಿಂಗೇನಾಗಿತ್ತು?”

“ಹಂಗೆ ಕರೆದಾಗ ಯಾವತ್ತು ಬಂದಿದೀಯ? ಹೇಳೋ!”

ಅಷ್ಟರಲ್ಲಿ ಅವನ ಹೆಂಡತಿಯ ಫೋನು ಬಂತು. “ಬಂದೆ, ಬಂದೆ” ಎಂದು ಬ್ಯಾಗು ಹೆಗಲಿಗೇರಿಸಿದ.

“ನನ್ನ ನಂಬರ್ ತೆಗೆದುಹಾಕು ಅಕ್ಕಾ. ಇಲ್ಲಿಗೆ ಬೇರೆಯವರನ್ನ ಕಳಿಸಿ ಅಂತ ನಮ್ಮ ಕಂಪನೀಲಿ ಹೇಳ್ತೀನಿ.”

“ಹೋಗೋ, ಹೋಗು! ನೀನಿಲ್ಲದೆ ಇಲ್ಲೇನೂ ನಿಂತುಹೋಗಲ್ಲ.”

ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವಳು ಪ್ರೋಗ್ರಾಂನಿಂದ ಅವನ ನಂಬರ್ ಅಳಿಸಿದಳು. ಆ ಜಾಗಕ್ಕೆ ಹಾಕಲು ಇನ್ನೊಂದು ನಂಬರ್ ಹೊಳೆಯಲಿಲ್ಲ.

ಮುಂದಿನ ಸಲ ಎಸಿ ತೊಳೆಯಲು ಬೇರೆ ಯಾರೋ ಒಬ್ಬ ಬಂದ. ಪೆಟ್ಟಿಗೆ ತೋರಿಸಿ ಕೂರಲು ಹೇಳಿದಳು. ಅವನು ನಿಂತೇ ನೀರು ಕುಡಿದು ಹೊರಟುಹೋದ.