ಅಜ್ಜಿ ಕುದಿಸಿದ ಬಟಾಟೆ

ಹಸಿ ಪದಾರ್ಥ ಕಂಡರೆ ನಮ್ಮವ್ವ ಗುಂಡವ್ವನ ಕೈ ಸುಮ್ಮನಿರುವುದಿಲ್ಲ. ಬಾಗಲಕೋಟೆಯಿಂದ ನಾಸಿಕಕ್ಕೆ ಬಂದು ಆರು ವರ್ಷವಾದರೂ ಮರಾಠಿ ಅವಳ ಹತ್ತಿರ ಸುಳಿದಿಲ್ಲ. ಒಲೆಯ ಮುಂದೆ ಮಾತ್ರ ಅವಳದೇ ಕಾರುಬಾರು.

ನನ್ನ ಮಗಳು ಚೈತನ್ಯಾಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಆಯ್ಕೆಯಾದವರು ಸಂಭಾಜಿನಗರದ ದೊಡ್ಡ ಪ್ರದರ್ಶನಕ್ಕೆ ಹೋಗುತ್ತಾರೆ. ಹುಡುಗಿಗೆ ತಿಂಗಳಿಂದ ಅದೇ ಧ್ಯಾನ. ಅವಳ ವಿಷಯ ವೇಗವರ್ಧಕ. ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿಯೇ ಒಡೆದು ನೀರು, ಆಮ್ಲಜನಕ ಆಗುತ್ತದೆ, ಆದರೆ ಸರ್ಕಾರಿ ಕಡತದ ವೇಗದಲ್ಲಿ. ಹಸಿ ಬಟಾಟೆಯ ಚೂರು ಹಾಕಿದರೆ ಸಾಕು, ಅದರಲ್ಲಿರುವ ಕಿಣ್ವ ಕೆಲಸವನ್ನು ಓಡಿಸುತ್ತದೆ, ಆಮ್ಲಜನಕ ನೊರೆಯಾಗಿ ಉಕ್ಕುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ.

ಪಂಚವಟಿಯ ಶಾಲೆಯಲ್ಲಿ, ಪರೀಕ್ಷಕರ ಮುಂದೆ, ಚೈತನ್ಯಾ ಅಜ್ಜಿ ತುಂಬಿಕೊಟ್ಟಿದ್ದ ಡಬ್ಬಿ ತೆರೆದು ಪೆರಾಕ್ಸೈಡಿನ ಗ್ಲಾಸಿಗೆ ಚೂರು ಹಾಕಿದಳು. ನೊರೆಯಿಲ್ಲ. ಇನ್ನೊಂದು ಹಾಕಿದಳು. ಅದೂ ಅಷ್ಟೇ. ಅವಳ ಕಣ್ಣು ತುಂಬಿತು. ವಿಮಾನ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದ ಮಹಾಬುದ್ಧಿವಂತ ನಾನು ಪೆರಾಕ್ಸೈಡ್ ಬಾಟಲಿಯ ಮೇಲಿನ ತಾರೀಖು ಓದುತ್ತ ನಿಂತೆ.

"ಹಸೀವು ಕರ್ರಗಾಗ್ತಾವು ಅಂತ ಮುಂಜಾನೆ ಕುದಿಸೀನಿ," ಅಂದಳು ಜೊತೆಗೆ ಬಂದಿದ್ದ ಅವ್ವ ಮೆಲ್ಲಗೆ. "ಉಪ್ಪೂ ಹಾಕೀನಿ. ಆಮ್ಯಾಲೆ ತಿನ್ನಾಕ ಬರ್ತಾವಲ್ಲ."

"ಕುದಿಸಿದ್ರ ಕಿಣ್ವ ಸಾಯ್ತದ ಬೇ!" ಅಂದೆ ನಾನು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಎರಡರಲ್ಲಿ ಒಂದನ್ನು ಆರಿಸುವುದರೊಳಗೆ ಅವ್ವ ಸೆರಗು ಸಿಗಿಸಿಕೊಂಡು ಗೇಟಿನಾಚೆಯ ವಡಾಪಾವ್ ಗಾಡಿಗೆ ಓಡಿದ್ದಳು. ಬಟಾಟೆಗೆ ಎರಡೂ ಭಾಷೆಯಲ್ಲಿ ಒಂದೇ ಹೆಸರಿದ್ದದ್ದು ನಮ್ಮ ಪುಣ್ಯ. ಹಸೀದೊಂದನ್ನು ಅಲ್ಲೇ ಹೆಚ್ಚಿಸಿಕೊಂಡು ಏದುಸಿರು ಬಿಡುತ್ತ ಬಂದಳು.

ಆ ಚೂರು ಇನ್ನೊಂದು ಗ್ಲಾಸಿಗೆ ಬಿದ್ದದ್ದೇ ತಡ, ಅದರ ತುಂಬ ನೊರೆ. ಚೈತನ್ಯಾ ಮೂಗು ಒರೆಸಿಕೊಂಡು ಎರಡೂ ಗ್ಲಾಸನ್ನು ಪಕ್ಕಪಕ್ಕ ಇಟ್ಟಳು, ಮರಾಠಿಯಲ್ಲಿ ಪಟಪಟನೆ ವಿವರಿಸಿದಳು. ಪರೀಕ್ಷಕರು ಏನೋ ಕೇಳಿದರು. ಅವಳು ಅಜ್ಜಿಯ ಕಡೆ ಬೆರಳು ತೋರಿಸಿದಳು.

ಅವ್ವನ ಮುಖ ಬಾಡಿತು. "ನನ್ನ ಮ್ಯಾಲೆ ದೂರು ಹೇಳಾಕತ್ತಾಳೇನೋ?"

"ಇಲ್ಲಬೇ. ಕುದಿಸಿದ್ದನ್ನೂ ಜೋಡಿ ಇಟ್ಟು ತೋರಿಸೋದು ಯಾರು ಕಲಿಸಿದ್ರು ಅಂತ ಕೇಳಿದ್ರು. ನಮ್ಮಜ್ಜಿ ಅಂದ್ಲು."

ನೊರೆ ತೋರಿಸಿದವರು ಇನ್ನೂ ಮೂವರಿದ್ದರು. ಅದು ಯಾವಾಗ ಬರುವುದಿಲ್ಲ ಎಂದು ತೋರಿಸಿದವಳು ನಮ್ಮವಳೊಬ್ಬಳೇ. ಆಯ್ಕೆಯಾದಳು.

ಸಂಭಾಜಿನಗರಕ್ಕೆ ಹೊರಡುವ ಬೆಳಿಗ್ಗೆ ಅವ್ವ ಮೊಮ್ಮಗಳ ಕೈಗೆ ಮೂರು ಡಬ್ಬಿ ಕೊಟ್ಟಳು.

"ಮೂರು ಯಾಕೆ ಅಜ್ಜಿ? ಮಲಾ ದೋನ್, ಎರಡೇ ಬೇಕು," ಅಂದಳು ಚೈತನ್ಯಾ, ತನ್ನ ಅರ್ಧ ಮರಾಠಿ ಕನ್ನಡದಲ್ಲಿ.

"ಇದು ಹಸೀದು. ಇದು ಕುದಿಸಿದ್ದು, ಉಪ್ಪು ಹಾಕಿಲ್ಲ," ಎಂದು ಅವ್ವ ಗಂಭೀರವಾಗಿ ವಿವರಿಸಿದಳು. ಮೂರನೆಯದನ್ನು ಮೆಲ್ಲಗೆ ತಟ್ಟಿದಳು. "ಇದು ಉಪ್ಪು ಹಾಕಿದ್ದು. ಗೆದ್ರೂ ಸೋತ್ರೂ ಹಸಿವು ಆಗ್ತದಲ್ಲವಾ."