ಈಲಿಯ ಬಟ್ಟಲು

ಮೊನ್ಸನಿಗೆ ಕತ್ತು ತಿರುಗಿಸಲು ಆಗುತ್ತಿಲ್ಲ ಎಂಬುದನ್ನು ಮೊದಲು ಕಂಡವಳು ನಾನು. ಕರೆದರೆ ಬೆಕ್ಕು ಬರೀ ತಲೆ ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿತ್ತು. ನನ್ನಣ್ಣ ಸಿಗ್ವಾರ್ತ್‌ನಿಗೆ ಅದೂ ಒಂದು ಗತ್ತಿನ ಹಾಗೆ ಕಂಡಿತು.

"ನೋಡೇ ಟೊರುನ್, ಸಾಹೇಬ್ರು ಯಾರನ್ನೂ ಓರೆಗಣ್ಣಲ್ಲಿ ನೋಡಲ್ಲ. ಪೂರ್ತಿ ತಿರುಗೇ ಮಾತಾಡ್ಸೋದು," ಎಂದು ನಕ್ಕ. ಅವನು ನಗುವುದೇ ಅಪರೂಪ, ಹಾಗಾಗಿ ನಾನೂ ನಕ್ಕೆ.

ಬೆನ್ನು ಕೈಕೊಟ್ಟು ಸಿಗ್ವಾರ್ತ್ ಕಡಲು ಬಿಟ್ಟ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ನಾನು ಮೀನು ಒಣಗಿಸುವ ಕಡೆ ಕೆಲಸಕ್ಕೆ ಹೋಗುತ್ತೇನೆ. ಅವನು ಕಿಟಕಿಯ ಪಕ್ಕ ಕೂತು ಬೇರೆಯವರ ದೋಣಿಗಳನ್ನು ನೋಡುತ್ತಾನೆ. ಮೊನ್ಸ್ ಅವನ ದೋಣಿಯಲ್ಲೇ, ಬಲೆಗಳ ರಾಶಿಯ ಮೇಲೆ ಹುಟ್ಟಿದ ಬೆಕ್ಕು. ದೋಣಿ ಕೈಬಿಟ್ಟ ದಿನ ಅಲ್ಲಿಂದ ಅವನು ಮನೆಗೆ ತಂದದ್ದು ಅದೊಂದನ್ನೇ. ನನ್ನ ಜೊತೆ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಬೆಕ್ಕಿನ ಜೊತೆ ಮಾತ್ರ ಗಾಳಿಯ ದಿಕ್ಕು, ಮೀನಿನ ಸುಗ್ಗಿ, ನೀರುಪಾಲಾದ ಗೆಳೆಯರು, ಎಲ್ಲ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಬೆಕ್ಕಿಲ್ಲದಿದ್ದರೆ ಅಣ್ಣನ ಬಾಯಿ ಪೂರ್ತಿ ಮುಚ್ಚಿಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಮೊನ್ಸನ ಊಟವೆಂದರೆ ಈಲಿ, ಮೀನಿನ ಲಿವರ್. ಲೊಫೋಟೆನ್‌ನ ಉತ್ತರದ ಕಡಲಿನ ನಮ್ಮ ದ್ವೀಪಗಳಿಗೆ ಚಳಿಗಾಲದಲ್ಲಿ ಕಾಡ್ ಎಂಬ ದೊಡ್ಡ ಮೀನು ದಂಡು ಕಟ್ಟಿಕೊಂಡು ಬರುತ್ತದೆ. ಬೇಯಿಸಿದ ಮೀನಿನ ಮೇಲೆ ಅದರದೇ ಈಲಿಯನ್ನು ಸುರಿದುಕೊಂಡು ತಿನ್ನದ ಮನೆ ಇಲ್ಲಿಲ್ಲ. ಬಾಣಂತಿಗೆ ಈಲಿ, ಜ್ವರ ಬಿಟ್ಟವನಿಗೆ ಈಲಿ, ಬೇಜಾರಾಗಿ ಮೂಲೆ ಹಿಡಿದವನಿಗೂ ಈಲಿ. ನಮ್ಮಮ್ಮ ಬೆಳಿಗ್ಗೆ ಈಲಿ ಎಣ್ಣೆಯ ಚಮಚ ಹಿಡಿದು ನಿಂತರೆ ಮೂಗು ಮುಚ್ಚಿಕೊಂಡಾದರೂ ಬಾಯಿ ತೆರೆಯಲೇಬೇಕಿತ್ತು. ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಜನ ಅಲ್ಲ ನಾವು, ಈಲಿ ಬಡಿಸುವ ಜನ. ಪಕ್ಕದ ಮನೆಯ ಒಲಾವುಸ್ ದಡಕ್ಕೆ ಬಂದ ಕೂಡಲೇ ಒಂದು ಬಕೆಟ್ ತುಂಬ ಈಲಿ ತಂದು ನಮ್ಮ ಮೆಟ್ಟಿಲ ಮೇಲಿಟ್ಟು ಹೋಗುತ್ತಾನೆ. ಬೇಸಿಗೆಗೆಂದು ಸಿಗ್ವಾರ್ತ್ ಅದನ್ನು ಫ್ರೀಜರಿನಲ್ಲಿ ತುಂಬಿಡುತ್ತಾನೆ. ಮೊನ್ಸನಿಗೆ ಎರಡು ಹೊತ್ತೂ ಅದೇ. ಕತ್ತು ಬಿಗಿಯತೊಡಗಿದ ಮೇಲೆ, ಪಾಪ ಸುಸ್ತಾಗಿದೆ ಎಂದು, ಮೂರು ಹೊತ್ತೂ ಅದೇ.

ಆ ಚಳಿಗಾಲದಲ್ಲಿ ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿತು. ತಲೆ ಬೆನ್ನಿನ ಕಡೆಗೆ ಹೊರಳಿದರೆ ತಾನೆ ನೆಕ್ಕುವುದು? ಕೂದಲು ಗಂಟುಗಟ್ಟಿ ಎಣ್ಣೆ ಎಣ್ಣೆಯಾಯಿತು. ಬಟ್ಟಲಿಗೆ ಬಾಗಲಾಗದೆ ಅದರ ಮುಂದೆ ಸುಮ್ಮನೆ ನಿಂತಿರುತ್ತಿತ್ತು. ಸಿಗ್ವಾರ್ತ್ ಒಂದು ಮೀನಿನ ಪೆಟ್ಟಿಗೆ ಬೋರಲು ಹಾಕಿ ಬಟ್ಟಲನ್ನು ಬೆಕ್ಕಿನ ಬಾಯಿಯ ಎತ್ತರಕ್ಕೆ ಇಟ್ಟ. ತನ್ನ ಬಾಚಣಿಗೆಯಲ್ಲೇ ಅದರ ಮೈ ಬಾಚಿದ. ಉಣ್ಣೆಯ ಕಾಲುಚೀಲ ಬಿಸಿ ಮಾಡಿ ಕತ್ತಿಗೆ ಸುತ್ತಿದ. ಎತ್ತಿಕೊಳ್ಳಲು ಹೋದರೆ ಬೆಕ್ಕು ಮಗುವಿನ ಹಾಗೆ ಕಿರುಚತೊಡಗಿದಾಗ ನಾನು ಅವನ ಮಾತಿಗೆ ಕಾಯಲಿಲ್ಲ. ಪೆಟ್ಟಿಗೆಯಲ್ಲಿಟ್ಟುಕೊಂಡು ಪಟ್ಟಣಕ್ಕೆ ಹೊರಟೆ. ಕಾರಿನಲ್ಲಿ ಅಷ್ಟು ದೂರ ಕೂರಲು ಅವನ ಬೆನ್ನು ಬಿಡಲಿಲ್ಲ.

ಪಶುವೈದ್ಯೆ ವಿಗ್ದಿಸ್ ನಮ್ಮ ಕಡೆಯವಳಲ್ಲ, ದಕ್ಷಿಣದವಳು. ಎಕ್ಸ್‌ರೇ ನೋಡುತ್ತಲೇ ಕೇಳಿದಳು, "ಇದಕ್ಕೆ ಏನು ಹಾಕ್ತೀರ?"

"ಈಲಿ. ಕಾಡ್ ಮೀನಿಂದು."

"ಯಾವಾಗಿಂದ?"

"ಹಲ್ಲು ಬಂದಾಗಿಂದ. ನಮ್ಮಣ್ಣನೇ ತಿನ್ನಿಸೋದು."

 ಅವಳು ಎಕ್ಸ್‌ರೇ ಚಿತ್ರವನ್ನು ನನ್ನ ಕಡೆ ತಿರುಗಿಸಿದಳು. ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದು ಒಂದೇ ಕೋಲಾಗಿದ್ದವು. "ಈಲಿಯಲ್ಲಿರೋ ವಿಟಮಿನ್ನು ಬೆಕ್ಕಿಗೆ ಇಷ್ಟು ಹೋದ್ರೆ ವಿಷಾನೇ. ಬೆಸೆದಿದ್ದು ಇನ್ನು ಬಿಡಲ್ಲ. ಈಲಿ ನಿಲ್ಸಿದ್ರೆ ನೋವಾದ್ರೂ ಹೆಚ್ಚಾಗಲ್ಲ. ಅಣ್ಣನಿಗೆ ನಾನೇ ಫೋನ್ ಮಾಡಿ ಹೇಳ್ಲಾ?"

"ಬೇಡ," ಎಂದೆ. ಅಷ್ಟು ಬೇಗ ಯಾವ ಮಾತೂ ನನ್ನ ಬಾಯಿಂದ ಬಂದದ್ದಿಲ್ಲ.

ದಾರಿಯುದ್ದಕ್ಕೂ ಪೆಟ್ಟಿಗೆಯೊಳಗಿಂದ ಮೊನ್ಸ್ ಗುರುಗುಡುತ್ತಿತ್ತು. ನೋವಿಗೂ ಬೆಕ್ಕು ಹಾಗೇ ಸದ್ದು ಮಾಡುತ್ತದಂತೆ. ಅಣ್ಣನಿಗೆ ಏನೆಂದು ಹೇಳಲಿ? ನಿನ್ನ ಕೈಯಾರೆ ತಿನ್ನಿಸಿದ್ದೇ ಇದನ್ನು ಕಲ್ಲು ಮಾಡಿತು ಎಂದೇ? ಮನೆಗೆ ಬಂದವಳು, "ಕತ್ತು ವಯಸ್ಸಿಂದಂತೆ. ಹೊಟ್ಟೆಗೆ ಜಿಡ್ಡು ಆಗಲ್ವಂತೆ, ಈಲಿ ಬೇಡ ಅಂದ್ಳು," ಎಂದುಬಿಟ್ಟೆ.

"ಜಿಡ್ಡು ಆಗಲ್ವಾ? ಮೀನು ಹಿಡಿಯೋರ ಮನೆ ಬೆಕ್ಕಿಗೆ?" ಎಂದ ಸಿಗ್ವಾರ್ತ್. "ಆ ಹುಡುಗಿ ಕಡಲು ನೋಡಿದ್ದಾಳಾ?"

ಆದರೂ ನಿಲ್ಲಿಸಿದ. ಡಾಕ್ಟರರ ಮಾತು ಎಂದರೆ ಅವನಿಗೆ ಒಳಗೊಳಗೇ ಹೆದರಿಕೆ. ನಾನು ಫ್ರೀಜರ್ ಖಾಲಿ ಮಾಡಿದೆ. ಬಕೆಟ್ ವಾಪಸು ಕೊಟ್ಟಾಗ ಒಲಾವುಸ್ ಮುಖ ಗಂಟಿಕ್ಕಿ, "ಏನು ಟೊರುನ್, ನಮ್ಮ ದೋಣಿ ಈಲಿ ನಿಮಗೀಗ ರುಚಿಸ್ತಿಲ್ವೋ?" ಎಂದ. ಅವನಿಗೂ ಹೊಟ್ಟೆಯ ಸುಳ್ಳನ್ನೇ ಹೇಳಿದೆ.

ಸಮಸ್ಯೆ ಶುರುವಾದದ್ದು ಆಮೇಲೆ. ಹಲ್ಲು ಬಂದಾಗಿನಿಂದ ಈಲಿ ಬಿಟ್ಟು ಬೇರೇನೂ ತಿಂದಿರದ ಬೆಕ್ಕು ಬೇರೇನನ್ನೂ ಊಟವೆಂದೇ ಒಪ್ಪಲಿಲ್ಲ. ಕೋಳಿ ಬೇಯಿಸಿ ಇಟ್ಟೆ, ಡಬ್ಬದ ಊಟ ತಂದೆ, ಹಾಲಿನ ಕೆನೆ ಇಟ್ಟೆ. ಎಲ್ಲವನ್ನೂ ಮೂಸಿ, ಮೈಯೆಲ್ಲ ತಿರುಗಿಸಿ, ಬೆನ್ನು ಹಾಕಿ ನಿಂತಿತು. ನಾನು ಗಂಜಿ ಮಾಡಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಓರೆಗೆ ಬಿಡುತ್ತಿದ್ದೆ. ಅರ್ಧ ನುಂಗಿ ಅರ್ಧ ನನ್ನ ಸ್ವೆಟರಿಗೆ ಉಗುಳುತ್ತಿತ್ತು. ವಿಗ್ದಿಸ್ ಕೊಟ್ಟ ನೋವಿನ ಔಷಧದ ಹನಿ ಹಾಕಲು ಬಾಯಿ ಬಿಡಿಸಿದರೆ ಕಚ್ಚುತ್ತಿತ್ತು. ನನ್ನ ಕೈತುಂಬ ಗೀರು. ಇದೊಂದು ಸಾಯಬಾರದೇ ಎಂದು ಒಲೆಯ ಮುಂದೆ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂದುಕೊಂಡ ಮರುಗಳಿಗೆ ಇನ್ನೊಂದು ಚೂರು ಕೋಳಿ ಹರಿದು ಅದರ ಮೂಗಿಗೆ ಹಿಡಿದಿದ್ದೇನೆ.

"ಹಸಿದಿದೆ ಕಣೇ ಅದು," ಎನ್ನುತ್ತಿದ್ದ ಸಿಗ್ವಾರ್ತ್. "ಕಣ್ಣು ನೋಡು. ನನ್ನನ್ನೇ ನೋಡ್ತಿದೆ."

"ಹೊಟ್ಟೆ ಸರಿ ಹೋಗ್ಲಿ, ಸುಮ್ನಿರು."

"ಹೊಟ್ಟೇಲಿ ಏನಿದೆ ಅಂತ ಸರಿ ಹೋಗೋದು?"

ಗಾಬರಿಯಾಗಿ ವಿಗ್ದಿಸ್‌ಗೆ ಫೋನ್ ಮಾಡಿದೆ. ತಿನ್ನದೆ ಹೋದರೆ ಬೆಕ್ಕಿನ ಸ್ವಂತ ಈಲಿಯೇ ಕೆಡುತ್ತದೆ ಎಂದಳು ಅವಳು. ಬೇರೆ ಊಟಕ್ಕೆ ಚೂರೇ ಚೂರು ಈಲಿ ಬೆರೆಸಿ ಆಸೆ ತೋರಿಸಿ ಎಂದಳು. ಬೆರೆಸಿದೆ. ಮೊನ್ಸ್ ಈಲಿಯ ಚೂರನ್ನಷ್ಟೇ ಹುಡುಕಿ ನೆಕ್ಕಿ ಉಳಿದದ್ದನ್ನು ಹಾಗೇ ಬಿಟ್ಟಿತು. ಕೊಟ್ಟರೆ ವಿಷ, ಕೊಡದಿದ್ದರೆ ಉಪವಾಸ. ನನ್ನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಅದರ ಕಿವಿಯ ಒಳಗು ಕಾಮಾಲೆ ಬಂದಂತೆ ಹಳದಿಯಾಗಿದ್ದುದು ಕಂಡು ಮತ್ತೆ ಫೋನ್ ಮಾಡಿದೆ.

ವಿಗ್ದಿಸ್ ಮಾರನೆಯ ದಿನ ಮನೆಗೇ ಬಂದು, ನೋವಿಲ್ಲದೆ ಸಾಯುವ ಹಾಗೆ ಸೂಜಿ ಕೊಟ್ಟುಬಿಡುತ್ತೇನೆ ಎಂದಿದ್ದಳು. ಅದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಆವತ್ತು ಕೆಲಸದಿಂದ ಮನೆಗೆ ಬಂದೆ. ಸಿಗ್ವಾರ್ತ್ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಆ ಬೆನ್ನಿಟ್ಟುಕೊಂಡು ಹೇಗೆ ಕೂತನೋ. ತೊಡೆಯ ಮೇಲೆ ಬಟ್ಟಲು, ಬಟ್ಟಲಿನಲ್ಲಿ ಒಲಾವುಸ್ ಕೊಟ್ಟ ತಾಜಾ ಈಲಿ. ಮೊನ್ಸ್ ಅವನ ಬೆರಳುಗಳಿಂದ ತಿನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು, ಆತುರಾತುರವಾಗಿ.

"ನೋಡು," ಎಂದ ಅಣ್ಣ. ಅವನ ಕೆನ್ನೆ ಒದ್ದೆಯಾಗಿತ್ತು. "ಅವನಿಗೆ ಬೇಕಾಗಿದ್ದು ಇಷ್ಟೇ. ಆ ಪಟ್ಟಣದವಳ ಮಾತು ಕಟ್ಕೊಂಡು ಇಷ್ಟು ದಿನ ಉಪವಾಸ ಕೆಡವಿದ್ಯಲ್ಲೇ ಪಾಪಿ."

ನಾನು ತಡೆಯಲಿಲ್ಲ. ತಡೆದು ಇನ್ನೇನು ಉಳಿಸಿಕೊಳ್ಳಬೇಕಿತ್ತು?

ವಿಗ್ದಿಸ್ ಬರುವಷ್ಟರಲ್ಲಿ ಮೊನ್ಸ್ ಹೋಗಿಬಿಟ್ಟಿತ್ತು, ಸಿಗ್ವಾರ್ತ್‌ನ ಕಾಲ ಬಳಿ, ನೆಟ್ಟಗಿನ ಕತ್ತು ನೆಟ್ಟಗೇ ಇಟ್ಟುಕೊಂಡು. "ನೀನೇ ಕೊಂದೆ," ಎಂದ ಅಣ್ಣ. ಬಾಗಿಲಲ್ಲಿ ನಿಂತ ವಿಗ್ದಿಸ್ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವಳು ಏನೂ ಹೇಳದೆ ಹಿಂತಿರುಗಿದಳು.

ನೆಲ ಹೆಪ್ಪುಗಟ್ಟಿತ್ತು, ಗುದ್ದಲಿ ಇಳಿಯುವ ಹಾಗಿರಲಿಲ್ಲ. ಮೀನಿನ ಪೆಟ್ಟಿಗೆಯಲ್ಲಿ ಉಣ್ಣೆ ಹಾಸಿ, ಬೆಕ್ಕನ್ನು ಮಲಗಿಸಿ, ದೋಣಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಇಟ್ಟೆವು. ಸಿಗ್ವಾರ್ತ್ ದಿನಾ ಅಲ್ಲಿಗೆ ಹೋಗಿ ಕೂತು ಬರುತ್ತಿದ್ದ. ಮನೆಯೊಳಗೆ ಒಂದೇ ಒಂದು ಮಾತಿಲ್ಲ. ನಾನಿಟ್ಟ ಕಾಫಿ ಕುಡಿಯುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಉರಿಯುತ್ತಿತ್ತು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ಅವನು ನನ್ನನ್ನು ದ್ವೇಷಿಸಿಕೊಂಡಾದರೂ ಇರಲಿ, ತನ್ನನ್ನು ತಾನು ದ್ವೇಷಿಸುವುದು ಬೇಡ ಎನ್ನಿಸುತ್ತಿತ್ತು.

ಹಿಮ ಕರಗಿ ಮಣ್ಣು ಮಾಡಿ ಬಂದ ವಾರ ಒಲಾವುಸ್ ಬಾಗಿಲು ತಟ್ಟಿದ. ಸ್ವೆಟರಿನ ಎದೆಯೊಳಗೊಂದು ಬೂದು ಬಣ್ಣದ ಮರಿ, ಕೈಯಲ್ಲಿ ಸುಗ್ಗಿಯ ಕೊನೆಯ ಬಕೆಟ್. "ನಮ್ಮ ಬೆಕ್ಕು ಹಾಕಿದ್ದು. ನೀನು ಮೂಲೆ ಹಿಡಿದಿದ್ದು ಸಾಕು ಕಣಯ್ಯ," ಎಂದು ಮರಿಯನ್ನು ಸಿಗ್ವಾರ್ತ್‌ನ ಮಡಿಲಿಗೆ ಹಾಕಿ ಹೋದ.

ಮರಿ ಅವನ ಹೆಬ್ಬೆರಳನ್ನು ಚೀಪಿತು. ಅಣ್ಣನ ಬಾಯಿ ತೆರೆಯಿತು. "ಬಾರಪ್ಪ ಬಾರೋ. ಎಷ್ಟು ಸಣಕಲು ಇದ್ದೀಯೋ ನೀನು. ನಿನ್ನ ವಿಷಯದಲ್ಲಿ ಯಾರ ಮಾತೂ ಕೇಳಲ್ಲ ನಾನು, ತಿಳೀತಾ?" ಎಂದು ಬಕೆಟ್ಟಿಗೆ ಕೈ ಹಾಕಿದ. ಇಷ್ಟು ದಿನ ನಾನು ಕಾದದ್ದು ಈ ದನಿಗಾಗಿಯೇ. ಈಲಿಯ ಚೂರು ಮರಿಯ ಬಾಯಿಗೆ ಹೋಗುವುದರಲ್ಲಿತ್ತು.

"ಬೇಡ," ಎಂದೆ. "ಅದೇ ಮೊನ್ಸನ್ನ ಕೊಂದಿದ್ದು. ಕತ್ತು ಬಿಗಿದದ್ದು ವಯಸ್ಸಿಗಲ್ಲ ಸಿಗ್ವಾರ್ತ್. ಈಲಿಗೆ."

ಅವನ ಕೈ ಅಲ್ಲೇ ನಿಂತಿತು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಕೊನೇ ದಿನ ತಿಂತಲ್ಲೇ," ಎಂದ. "ನನ್ನ ಕೈ ನೆಕ್ತಲ್ಲೇ ಅದು."

ಬೆರಳುಗಳನ್ನು ಒಂದೊಂದಾಗಿ ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಮರಿಯನ್ನು ಮುಂಗೈಯಿಂದ ತಳ್ಳಿ ನನ್ನ ಕಡೆಗೆ ಸರಿಸಿದ, ಬೆರಳು ತಾಗಿಸಲಿಲ್ಲ.

ಅದಕ್ಕೆ ಊಟ ಹಾಕುವವಳು ಈಗ ನಾನೇ, ಅಂಗಡಿಯ ಡಬ್ಬದ ಊಟ. ಚೆನ್ನಾಗಿ ತಿನ್ನುತ್ತದೆ, ಬೆಳೆದಿದೆ. ಆದರೆ ಅದಕ್ಕೆ ಬೇಕಾದದ್ದು ಕಿಟಕಿಯ ಪಕ್ಕದ ಮಡಿಲು. ದಿನಾ ಹತ್ತಿ ಕೂತು ಅವನ ಕೈ ಹುಡುಕುತ್ತದೆ. ಸಿಗ್ವಾರ್ತ್ ಅದನ್ನು ಇಳಿಸುವುದಿಲ್ಲ, ಅದರ ಜೊತೆ ಮಾತಾಡುವುದೂ ಇಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಸುಮ್ಮನೆ ಕೂತಿರುತ್ತಾನೆ.