ಪಕ್ಕದ ಚಾಪೆಯ ಹೆಬ್ಬೆರಳು

ಹೆಬ್ಬೆರಳು — ಅದೇ, ಪಕ್ಕದ ಚಾಪೆಯಲ್ಲಿ, ಹರಿದ ಕಾಲುಚೀಲದಿಂದ ಇಣುಕುತ್ತಿದೆ, ಅರ್ಧ ಮುಚ್ಚಿದ ಕಣ್ಣಿಗೆ ಬೇರೇನೂ ಬೀಳುತ್ತಿಲ್ಲ, ಉಸಿರು ಒಳಗೆ, ಉಸಿರು ಹೊರಗೆ, ಮೂಗಿನ ತುದಿಯಲ್ಲಿ ಗಮನವಿರಲಿ ಅಂದರು ಧ್ಯಾನದ ಗುರುಗಳು, ಇವಳ ಮನಸ್ಸೋ ಓರಗಿತ್ತಿಯ ಕಾಲ ತುದಿಗೆ ಹೋಗಿ ಕೂತಿದೆ, ಇಬ್ಬರೂ ಹೊಲಿಗೆಯವರು, ಒಂದೇ ಅಂಗಡಿ, ಎರಡು ಮೆಷೀನು, ಊರವರ ತೂತೆಲ್ಲ ಮುಚ್ಚುವವಳಿಗೆ ತನ್ನ ಕಾಲುಚೀಲ ಹೊಲಿದುಕೊಳ್ಳಲು ಪುರುಸೊತ್ತಿಲ್ಲ ನೋಡು, ಒಂದು ಸೂಜಿ, ಗೇಣುದ್ದ ನೂಲು, ಅಷ್ಟೇ ಕೆಲಸ — ಛೆ, ಉಸಿರು, ಉಸಿರು, ಉಸಿರಿನಿಂದಲೇ ತಾನೇ ಎಲ್ಲ ಹಾಳಾದದ್ದು, ನಿತ್ಯದ ಕೆಲಸದಲ್ಲೂ ಧ್ಯಾನವಿರಲಿ ಅಂದಿದ್ದರು ಗುರುಗಳು, ಇವಳು ಕತ್ತರಿ ಹಿಡಿದೇ ಉಸಿರು ನೋಡಿದಳು, ಎಂಥ ನೆಮ್ಮದಿ, ಎಂಥ ಶಾಂತಿ, ಕಣ್ಣು ಬಿಟ್ಟರೆ ಬ್ಯಾಂಡಿನ ಮೇಷ್ಟ್ರ ಕೋಟಿನ ತೋಳು ನಾಲ್ಕು ಬೆರಳು ಗಿಡ್ಡ — ಕತ್ತರಿಸುವಾಗ ಬಟ್ಟೆ ನೋಡಬೇಕಮ್ಮ, ಅದೇ ಧ್ಯಾನ, ಅಂತ ಗುರುಗಳು ಆಮೇಲೆ ನಕ್ಕರು, ಮೊದಲೇ ಹೇಳಬಾರದಿತ್ತೇ, ಓರಗಿತ್ತಿಯಂತೂ ಮೇಷ್ಟ್ರ ಎದುರಿಗೇ, ಅಕ್ಕನಿಗೆ ಜ್ಞಾನೋದಯ ಆಯ್ತು, ನಿಮ್ಮ ತೋಳು ಹೋಯ್ತು, ಅಂತ ಕಿಸಕ್ಕನೆ ನಕ್ಕಳು, ಮೇಷ್ಟ್ರೂ ನಕ್ಕರು, ಇವಳಿಗೆ ಮೈಯೆಲ್ಲ ಉರಿದು ಎರಡು ಮೆಷೀನುಗಳ ನಡುವೆ ಪರದೆ ಕಟ್ಟಿದಳು, ಮಾತು ಬಿಟ್ಟಳು, ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ, ನಾಳೆ ಅವಳ ಮೆಷೀನು ಬೇರೆ ಅಂಗಡಿಗೆ ಹೋಗುತ್ತದಂತೆ, ನಿನ್ನೆ ಪರದೆಯಾಚೆಯಿಂದ ಹೇಳಿಯೇಬಿಟ್ಟಳು, ಹೋಗಲಿ, ಹೋದರೆ ಹೋಗಲಿ — ಆದರೆ ಒಂದೇ ಮೆಷೀನಿನ ಸದ್ದಿನಲ್ಲಿ ಇಡೀ ದಿನ ಕೂತು ಹೊಲಿಯುವುದು ಹೇಗೆ, ಹೆಬ್ಬೆರಳು ಅಲುಗಿತು.

ಈಗ ಮೈತ್ರಿ ಧ್ಯಾನ, ಎಲ್ಲರಿಗೂ ಒಳಿತು ಹಾರೈಸುವುದು, ಅನ್ನುತ್ತಾರೆ ಗುರುಗಳು, ಮೊದಲು ನನಗೆ ಒಳ್ಳೆಯದಾಗಲಿ ಅನ್ನಿ — ಆಗಲಿ, ಅದಕ್ಕೇನು ಅಡ್ಡಿ — ಆಮೇಲೆ ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಯಾರೋ ಒಬ್ಬರಿಗೆ, ಇವಳು ಹಾಲಿನವನನ್ನು ಆರಿಸಿಕೊಂಡಿದ್ದಳು, ವಾರಗಟ್ಟಲೆ ಹಾರೈಸಿ ಹಾರೈಸಿ ಅವನ ಮೇಲೆ ಮಮತೆಯೇ ಹುಟ್ಟಿಬಿಟ್ಟು ಈಗ ಅವನು ಕೆಮ್ಮಿದರೆ ಇವಳು ಕಷಾಯ ಕಾಯಿಸಲು ಓಡುತ್ತಾಳೆ, ಬೇರೆಯವರನ್ನು ಹುಡುಕಬೇಕು, ಅಂಚೆಯವನು, ಬೇಡ, ಪಾಪ ಅವನೂ ಒಳ್ಳೆಯವನೇ — ಕೊನೆಗೆ, ಕಂಡರಾಗದವರಿಗೆ, ಅಂದರು ಗುರುಗಳು, ಇದೊಂದನ್ನು ದಿನವೂ ಹಾರಿಸಿಬಿಡುತ್ತಾಳೆ, ಇವತ್ತೂ ಹಾರಿಸಿದರಾಯಿತು, ಆದರೆ ಪಕ್ಕದಲ್ಲಿ ಪಿಸುಪಿಸು, ಮನಸ್ಸಿನಲ್ಲೇ ಹೇಳಿಕೊಳ್ಳುವುದು ಓರಗಿತ್ತಿಯ ಜಾಯಮಾನದಲ್ಲೇ ಇಲ್ಲ, ಅಕ್ಕ ಚೆನ್ನಾಗಿರಲಿ, ಅಕ್ಕ ನಗ್‌ನಗ್ತಾ ಇರಲಿ — ಅಯ್ಯೋ, ಅವಳಿಗೆ ಕಂಡರಾಗದವಳು ನಾನೇ, ನನ್ನನ್ನು ಅವಳು ಒಂದು ದಿನವೂ ಹಾರಿಸಿಲ್ಲವೇನೋ, ನಗು ಉಕ್ಕುತ್ತಿದೆ, ಕಣ್ಣೂ ತುಂಬುತ್ತಿದೆ, ಗಂಟೆ ಬಾರಿಸುವವರೆಗೆ ಯಾರೂ ಮಾತಾಡಬಾರದು, ಆಡಿಯೇಬಿಟ್ಟಳು, ಆ ಕಾಲುಚೀಲ ಬಿಚ್ಚಿ ಕೊಡೆ, ಹೊಲಿದು ಕೊಡ್ತೀನಿ — ಕಣ್ಣು ತೆರೆಯದೆಯೇ ಓರಗಿತ್ತಿ, ನಾಳೆ ನಮ್ಮಂಗಡೀಲೇ ಕೊಡ್ತೀನಿ, ಆ ಪರದೆ ತೆಗ್ದಿರು, ಈಗ ಸುಮ್ನೆ ಉಸಿರು ನೋಡಕ್ಕ — ಉಸಿರು, ಒಳಗೆ, ಹೊರಗೆ, ಪರದೆಯಿಲ್ಲ, ಕೋಟಿಲ್ಲ, ಹಾಲಿನವನೂ ಇಲ್ಲ, ತೂತಿನಿಂದ ಇಣುಕುವ ದುಂಡನೆಯ ಹೆಬ್ಬೆರಳು, ಹೆಬ್ಬೆರಳು, ಬರೀ ಹೆಬ್ಬೆರಳು